ಅಕ್ಕನ ಕಿವಿ ಆಪರೇಶನ್: ಮೊದಲು ಸಿಟಿ ಸ್ಕ್ಯಾನ್ ಬೇಕೇ ಬೇಕಾ?

ಪೆರ್ಲದ ತಮ್ಮ:
ಅಕ್ಕನಿಗೆ 34 ವರ್ಷ. ಎರಡನೇ ಹೆರಿಗೆಯ ನಂತರ ಎಡಕಿವಿ ಮಂದವಾಗುತ್ತಾ ಬಂತು. ಕಾಸರಗೋಡು ಬಸ್ಸಿನ ಗದ್ದಲದಲ್ಲಿ ನಾನು ಹೇಳಿದ್ದು ಸರಿಯಾಗಿ ಕೇಳಿಸುತ್ತದೆ, ಮನೆಯಲ್ಲಿ ಕೇಳಿಸುವುದಿಲ್ಲ! ಮಂಗಳೂರಿನ ಡಾಕ್ಟ್ರು ಆಟೋಸ್ಕ್ಲೆರೋಸಿಸ್ ಎಂದರು, ಅಂದರೆ ಕಿವಿಯೊಳಗಿನ ಸ್ಟೇಪಿಸ್ ಎಂಬ ಪುಟ್ಟ ಮೂಳೆ ಅಂಟಿಕೊಂಡು ಅಲುಗಾಡದಂತಾಗುವ ಕಾಯಿಲೆ. ಸ್ಟೇಪಿಸ್ ಆಪರೇಶನ್ ಮಾಡಬಹುದಂತೆ, ಅದಕ್ಕೆ ಮೊದಲು ಸಿಟಿ ಸ್ಕ್ಯಾನ್ ಬೇಕಂತೆ. ಆಡಿಯೋಗ್ರಾಂ ಇರುವಾಗ ಇದು ಸುಮ್ನೆ ಖರ್ಚಲ್ವಾ?

ಕುಂಬಳೆಯ ಆಡಿಯಾಲಜಿಸ್ಟ್:
ಖಂಡಿತ ಮಾಡಿಸಿ. ಕಿವಿ ಎಷ್ಟು ಕೇಳಿಸುತ್ತದೆ ಅಂತ ಆಡಿಯೋಗ್ರಾಂ ಹೇಳುತ್ತದೆ, ಒಳಗೆ ಜಾಗ ಹೇಗಿದೆ ಅಂತ ಹೇಳುವುದಿಲ್ಲ. ಸ್ಟೇಪಿಸ್ ಸುಮಾರು 3 ಮಿಲಿಮೀಟರ್ ಎತ್ತರದ ಮೂಳೆ. ಅದರ ಬುಡದಲ್ಲಿ ತೂತು ಕೊರೆದು, ಶಬ್ದವನ್ನು ಒಳಕ್ಕೆ ದಾಟಿಸುವ ಪಿಸ್ಟನ್ ಎಂಬ ಸಣ್ಣ ಕಡ್ಡಿ ಇಡುತ್ತಾರೆ. ಮುಖದ ನರ ಅದರ ಮೇಲ್ಗಡೆಯೇ ಹಾದುಹೋಗುತ್ತದೆ. ಕೆಲವರಲ್ಲಿ ಆ ನರ ಕೆಳಗೆ ಜೋತುಬಿದ್ದು ಬುಡವನ್ನೇ ಮುಚ್ಚಿರುತ್ತದೆ. ಆಗ ಆಪರೇಶನ್ ಅರ್ಧಕ್ಕೇ ನಿಲ್ಲಿಸಬೇಕಾದೀತು. ಅಪರೂಪಕ್ಕೆ, ಜಾಸ್ತಿ ಗಂಡಸರಲ್ಲಿ, ಒಳಕಿವಿಯ ಗೋಡೆಯಲ್ಲಿ ಹುಟ್ಟಿನಿಂದಲೇ ದೋಷ ಇರುತ್ತದೆ. ತೂತು ಕೊರೆದ ಕೂಡಲೇ ಒಳಗಿನ ನೀರು ನುಗ್ಗಿ ಬಂದು, ಇದ್ದ ಕಿವಿಯೂ ಹೋಗಬಹುದು. ತೆಳು ಸ್ಲೈಸಿನ ಸ್ಕ್ಯಾನಿನಲ್ಲಿ ಇಂಥವು ಹೆಚ್ಚಾಗಿ ಮೊದಲೇ ಸಿಗುತ್ತವೆ.

ನಾನು ಮೊದಲು ನೋಡುವುದು ರಿಫ್ಲೆಕ್ಸ್ ಟೆಸ್ಟ್, ಅಂದರೆ ಜೋರು ಶಬ್ದಕ್ಕೆ ಕಿವಿಯೊಳಗಿನ ಸಣ್ಣ ಸ್ನಾಯು ಬಿಗಿಯಾಗುತ್ತದಾ ಅಂತ ನೋಡುವ ಪರೀಕ್ಷೆ. ಆಟೋಸ್ಕ್ಲೆರೋಸಿಸ್ ಬಲಿತಾಗ ರಿಫ್ಲೆಕ್ಸ್ ಇರುವುದಿಲ್ಲ. ಇದ್ದರೆ ಅನುಮಾನ ಪಡಬೇಕು. ಒಳಕಿವಿಯಲ್ಲಿ ಸಮತೋಲ ಕಾಯುವ ಮೇಲಿನ ಅರ್ಧವೃತ್ತ ನಾಳದಲ್ಲಿ ಮೂಳೆ ತೆರೆದುಕೊಂಡಿದ್ದರೂ ಆಡಿಯೋಗ್ರಾಂ ಹೀಗೇ ಕಾಣುತ್ತದೆ. ಅದಕ್ಕೆ ಸ್ಟೇಪಿಸ್ ಆಪರೇಶನ್ ಮಾಡಿದರೆ ಉಪಯೋಗವಿಲ್ಲ.

ಎಲ್ಲವೂ ಮೊದಲೇ ಗೊತ್ತಾಗುವುದಿಲ್ಲ ಅನ್ನುವುದೂ ನಿಜ. ಸ್ಕ್ಯಾನ್ ಸರಿ ಇದ್ದರೂ, ಸುಮಾರು ನೂರಕ್ಕೆ ಒಬ್ಬರಿಗೆ ಆಪರೇಶನ್ ಆದ ಕಿವಿ ಪೂರ್ತಿ ಹೋಗುವ ಅಪಾಯ ಇದೆ. ಅದಕ್ಕೇ ಜಾಸ್ತಿ ಮಂದ ಇರುವ ಕಿವಿಗೆ ಮೊದಲು ಮಾಡುತ್ತಾರೆ. ಬಲಕಿವಿ ಹೇಗಿದೆ?

ನೀರ್ಚಾಲಿನ ಅಮ್ಮ:
ನನಗೆ ಇದೇ ಆಪರೇಶನ್ ಆಗಿದೆ. ಸ್ಕ್ಯಾನ್ ಸರಿಯೇ ಇತ್ತು. ಆದರೂ ನಾಲಿಗೆಯ ಒಂದು ಬದಿಗೆ ತುಂಬಾ ದಿನ ರುಚಿಯೇ ಇರಲಿಲ್ಲ. ಸಾರು ಬಾಯಿಗಿಟ್ಟರೆ ತಾಮ್ರದ ಚೊಂಬು ನೆಕ್ಕಿದ ಹಾಗೆ. ರುಚಿಯ ನರ ಆ ಮೂಳೆಯ ಪಕ್ಕದಲ್ಲೇ ಹೋಗುತ್ತದಂತೆ. ಆಮೇಲೆ ಸರಿಯಾಯಿತು. ಅಕ್ಕನಿಗೆ ಇದನ್ನು ಮೊದಲೇ ಹೇಳಿಡಿ, ಗೊತ್ತಿಲ್ಲದಿದ್ದರೆ ತುಂಬಾ ಹೆದರಿಕೆಯಾಗುತ್ತದೆ.

ಪೆರ್ಲದ ತಮ್ಮ:
ಬಲಕಿವಿ ಸರಿ ಇದೆ. ರಿಪೋರ್ಟಿನಲ್ಲಿ ಎಡಕ್ಕೆ ರಿಫ್ಲೆಕ್ಸ್ ಇಲ್ಲ ಎಂದಿದೆ. ಶನಿವಾರ ಸ್ಕ್ಯಾನ್ ಮಾಡಿಸುತ್ತೇವೆ.

ಕುಂಬಳೆಯ ಆಡಿಯಾಲಜಿಸ್ಟ್:
ಒಳ್ಳೇದು. ಬರೀ ರಿಪೋರ್ಟ್ ಹಾಳೆ ಸಾಲದು, ಸಿಡಿಯನ್ನೂ ಕೇಳಿ ತನ್ನಿ. ಮುಖದ ನರ ಎಲ್ಲಿದೆ ಅಂತ ಆಪರೇಶನ್ ಮಾಡುವವರು ತಾವೇ ನೋಡಬೇಕು.