ನೆಟ್‌ವರ್ಕ್ ಟ್ಯಾಬಿನಲ್ಲಿ ಹೆಡರ್ (ಸರ್ವರ್ ಉತ್ತರದ ಜೊತೆ ಬರುವ ಮಾಹಿತಿ ಸಾಲು) ಇದೆ, ಕೋಡಿಗೆ ಮಾತ್ರ ನಲ್ (ಖಾಲಿ). ನೀವೇನು ಮಾಡಿದಿರಿ?

ಹೊಸಬ: ನಮ್ಮ ಪುಟ ಒಂದು ಡೊಮೇನಿನಲ್ಲಿದೆ, ಡೇಟಾ ಕೊಡುವ ಎಪಿಐ ಬೇರೆ ಕಂಪನಿಯದು, ಬೇರೆ ಡೊಮೇನಿನಲ್ಲಿದೆ. ಕೋಡಿನಿಂದ ಫೆಚ್ ಮಾಡಿದರೆ 200 (ಎಲ್ಲಾ ಸರಿ) ಬರುತ್ತದೆ, ಡೇಟಾನೂ ಬರುತ್ತದೆ. ಎಕ್ಸ್-ಟೋಟಲ್-ಕೌಂಟ್ ಓದಿದರೆ ಮಾತ್ರ ನಲ್. ಎಕ್ಸ್‌ಪೋಸ್ ಮಾಡಿ, ಅಂದರೆ ಬೇರೆ ಡೊಮೇನಿನ ಕೋಡಿಗೂ ಓದಲು ಬಿಡಿ ಅಂತ ಅವರನ್ನು ಕೇಳಲಾ, ನಾವೇ ಪ್ರಾಕ್ಸಿ (ನಡುವೆ ನಿಂತು ಉತ್ತರ ತಂದುಕೊಡುವ ನಮ್ಮದೇ ಸರ್ವರ್) ಹಾಕಲಾ?

ರಾತ್ರಿಪಾಳಿ: ನನಗೆ ಮೂರು ದಿನ ಹೋಯಿತು. ಮೊದಲ ದಿನ, ಯಾವ ಹೆಡರ್ ಓದಬಹುದು ಅಂತ ಬ್ರೌಸರಿಗೆ ಹೇಳುವ ಆಕ್ಸೆಸ್-ಕಂಟ್ರೋಲ್-ಎಕ್ಸ್‌ಪೋಸ್-ಹೆಡರ್ಸ್ ಅನ್ನು ಪ್ರೀಫ್ಲೈಟ್ (ಬ್ರೌಸರ್ ಮೊದಲೇ ಅನುಮತಿ ಕೇಳುವ ರಿಕ್ವೆಸ್ಟ್) ಉತ್ತರಕ್ಕೆ ಹಾಕಿ ಕೂತಿದ್ದೆ. ಅದು ಇರಬೇಕಾದ್ದು ಅಸಲಿ ಗೆಟ್ ಉತ್ತರದಲ್ಲಿ. ಎರಡನೇ ದಿನ ಅದರಲ್ಲಿ ಹೆಡರ್ ಹೆಸರಿನ ಬದಲು ನಕ್ಷತ್ರ (*) ಹಾಕಿದೆ. ನನ್ನ ಟೆಸ್ಟ್ ಪುಟದಲ್ಲಿ ಚೆನ್ನಾಗಿ ಓಡಿತು, ಲಾಗಿನ್ ಆದವರಿಗೆ ಮತ್ತೆ ನಲ್. ಕುಕೀ ಜೊತೆ ಹೋಗುವ ರಿಕ್ವೆಸ್ಟಿನಲ್ಲಿ ನಕ್ಷತ್ರ ಅಂದರೆ ‘ಎಲ್ಲಾ’ ಅಲ್ಲ, ನಕ್ಷತ್ರ ಅನ್ನೋ ಹೆಸರಿನ ಹೆಡರ್ ಅಷ್ಟೇ. ಮೂರನೇ ದಿನ ಎಂಜಿನ್‌ಎಕ್ಸ್ (ನಮ್ಮ ವೆಬ್ ಸರ್ವರ್). ಒಳಗಿನ ಲೊಕೇಶನ್ ಬ್ಲಾಕಿನಲ್ಲಿ ಯಾರೋ ಬೇರೇನಕ್ಕೋ ಒಂದು ಆಡ್_ಹೆಡರ್ (ಹೆಡರ್ ಸೇರಿಸುವ ಸಾಲು) ಬರೆದಿದ್ದರು, ಮೇಲಿನ ಬ್ಲಾಕಿನದೆಲ್ಲ ಮಾಯ. ಸರಿಮಾಡಿದೆ, ಆಗ 429 (ರಿಕ್ವೆಸ್ಟ್ ಅತಿಯಾಯಿತು ಅನ್ನೋ ಎರರ್) ಕೈಕೊಟ್ಟಿತು. ಆ ಆಡ್_ಹೆಡರ್ ಸಾಲಿನ ಕೊನೆಗೆ ಆಲ್ವೇಸ್ ಅಂತ ಬರೆಯದಿದ್ದರೆ 429ಕ್ಕೆ ಆ ಹೆಡರ್‌ಗಳು ಅಂಟುವುದೇ ಇಲ್ಲ. ರಿಟ್ರೈ-ಆಫ್ಟರ್ (ಎಷ್ಟು ಹೊತ್ತು ಕಾಯಬೇಕು ಅನ್ನೋ ಹೆಡರ್) ಓದೋದಿರಲಿ, ಫೆಚ್ಚೇ ಬಿದ್ದುಹೋಗುತ್ತಿತ್ತು.

ಸಾಲುಮರ: ಇದಕ್ಕೇ ಪ್ರಾಕ್ಸಿ ಅನ್ನೋದು. ಪುಟ, ಡೇಟಾ ಎರಡೂ ಒಂದೇ ಒರಿಜಿನ್ (ಒಂದೇ ವಿಳಾಸ), ಎಕ್ಸ್-ಟೋಟಲ್-ಕೌಂಟ್ ಥರದ ಹೆಡರ್ ಎಲ್ಲಾ ಕೈಗೆ ಸಿಗುತ್ತದೆ. ತಿಂಗಳಿಗೆ 900 ರೂಪಾಯಿ ಬಾಡಿಗೆ, ಸರ್ಟಿಫಿಕೇಟ್ ರಿನ್ಯೂ ಆಗದೆ ಒಂದು ಭಾನುವಾರ ಹಾಳಾಯಿತು, ದೊಡ್ಡ ರಿಪೋರ್ಟ್‌ಗಳು 60 ಸೆಕೆಂಡಿಗೆ 504 (ಉತ್ತರ ಸಮಯಕ್ಕೆ ಬರಲಿಲ್ಲ ಅನ್ನೋ ಎರರ್) ಕೊಟ್ಟವು, ಟೈಮ್‌ಔಟ್ ಏರಿಸಿದೆ. ಆದರೂ ನೆಮ್ಮದಿ.

ರಾತ್ರಿಪಾಳಿ: ಒಂದು ಸಾಲಿಗೋಸ್ಕರ ಬೆಟ್ಟ ಅಗೆದಿದ್ದೀರಿ ಸ್ವಾಮಿ.

ಸಾಲುಮರ: ಅದೇ ಸಾಲಿಗೆ ಮೂರು ದಿನ ಕೂತವರು ಹೇಳುತ್ತಿದ್ದೀರಿ!

ಎಕ್ಸೆಲ್_ಗುಮಾಸ್ತ: ನನ್ನದು ಇನ್ನೂ ಕಷ್ಟ. ಇನ್‌ವಾಯ್ಸ್ ಡೌನ್‌ಲೋಡ್. ಫೈಲಿನ ಹೆಸರು ಕಂಟೆಂಟ್-ಡಿಸ್ಪೊಸಿಷನ್‌ನಲ್ಲಿ ಬರುತ್ತಿತ್ತು, ನನಗೆ ನಲ್. ಕಂಟೆಂಟ್-ಟೈಪ್ ಮಾತ್ರ ಸಲೀಸಾಗಿ ಸಿಗುತ್ತಿತ್ತು, ಅದಕ್ಕೇ ನನ್ನ ಕೋಡೇ ತಪ್ಪು ಅಂದುಕೊಂಡು ಎರಡು ಸಲ ತಿದ್ದಿ ಬರೆದೆ. ಕೇಳದೇ ಸಿಗೋದು ಏಳೇ ಹೆಡರ್ ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅಕೌಂಟ್ಸ್‌ನವರ ಕಂಪ್ಯೂಟರಿನಲ್ಲಿ ‘ಡೌನ್‌ಲೋಡ್ (1)’ ಇಂದ ‘ಡೌನ್‌ಲೋಡ್ (214)’ ವರೆಗೆ ಬಂದಿತ್ತು. ಬ್ಯಾಕೆಂಡ್‌ನವರದ್ದು ಒಂದೇ ಹಾಡು, ‘ಪೋಸ್ಟ್‌ಮ್ಯಾನ್‌ನಲ್ಲಿ (ಎಪಿಐ ಪರೀಕ್ಷಿಸುವ ಆ್ಯಪ್) ಬರುತ್ತದಲ್ಲ’.

ಜಾವಾತಾತ: ಪೋಸ್ಟ್‌ಮ್ಯಾನ್‌ನಲ್ಲಿ ಬರುತ್ತದೆ ಅಂದರೆ ಸರ್ವರ್ ಕಳಿಸಿದೆ ಅಂತಲೇ ಅರ್ಥ ಅಲ್ವಾ? ಸುಮ್ನೆ ಬ್ಯಾಕೆಂಡಿನ ನಮ್ಮ ಮೇಲೆ ಯಾಕೆ ಹಾಕುತ್ತೀರಿ?

ಎಕ್ಸೆಲ್_ಗುಮಾಸ್ತ: ಕಳಿಸಿದೆ, ಓದೋಕೆ ಅನುಮತಿ ಕೊಟ್ಟಿಲ್ಲ. ಪೋಸ್ಟ್‌ಮ್ಯಾನ್ ಬ್ರೌಸರ್ ಅಲ್ಲ, ಅದಕ್ಕೆ ಈ ತಡೆ ಇಲ್ಲ. ನಿಮ್ಮಂಥವರಿಗೆ ಇದನ್ನು ಹೇಳಿ ಹೇಳಿ ಬಾಯಿ ನೋವು.

ಹೊಸಬಿ_2: ನಡುವೆ ಒಂದು ಕೇಳಲಾ? ಸೆಟ್-ಕುಕೀ (ಸರ್ವರ್ ಕುಕೀ ಇಡಲು ಕಳಿಸುವ ಹೆಡರ್) ಹೆಸರನ್ನೂ ಆ ಎಕ್ಸ್‌ಪೋಸ್ ಪಟ್ಟಿಗೆ ಸೇರಿಸಿದರೆ ಓದಬಹುದಾ?

ರಾತ್ರಿಪಾಳಿ: ಇಲ್ಲ. ಯಾವ ಪಟ್ಟಿಗೆ ಸೇರಿಸಿದರೂ ಬ್ರೌಸರ್ ಅದನ್ನು ಕೋಡಿಗೆ ಕೊಡುವುದಿಲ್ಲ. ಅದಕ್ಕೆ ನನ್ನದು ಇನ್ನರ್ಧ ದಿನ ಹೋಗಿದೆ, ಮೇಲೆ ಲೆಕ್ಕಕ್ಕೆ ಸೇರಿಸಿರಲಿಲ್ಲ.

ಸಾಲುಮರ: ಅಂದರೆ ಮೂರೂವರೆ.

ಹೊಸಬ: ಎಲ್ಲರಿಗೂ ಥ್ಯಾಂಕ್ಸ್. ಆದರೆ ಎಪಿಐ ನಮ್ಮದಲ್ಲ, ಎಂಜಿನ್‌ಎಕ್ಸ್ ಮುಟ್ಟೋಕೆ ನನಗೆ ಆಗುವುದಿಲ್ಲ.

ಜಾವಾತಾತ: ಅವರಿಗೆ ಮೇಲ್ ಹಾಕಪ್ಪ, ಅವರ ಕಡೆ ಒಂದು ಸಾಲಿನ ಕೆಲಸ. ಗುಮಾಸ್ತರೇ, ‘ನಿಮ್ಮಂಥವರು’ ಅಂದರೆ ಯಾರು?