ಕಾರ್ಖಾನೆಯ ಎಐ ಮಾಡೆಲ್‌ಗೆ ಹೊಣೆಗಾರರು ಯಾರು?

ಪ್ರಶ್ನೆ: ಬಿಡಿಭಾಗ ತಯಾರಿಸುವ ಹಳೆಯ ಕಾರ್ಖಾನೆ. ಕ್ಯಾಮೆರಾದಲ್ಲಿ ದೋಷ ಹಿಡಿಯುವ ಎಐ ಒಂದು, ಪಂಪಿನ ಕಂಪನ ನೋಡಿ ಬೇರಿಂಗ್ ಹಾಳಾಗುವುದನ್ನು ಮೊದಲೇ ಹೇಳುವುದು ಇನ್ನೊಂದು. ಎರಡೂ ವೆಂಡರ್ ಕೊಟ್ಟವು. ಇವನ್ನು ನೋಡಿಕೊಳ್ಳಲು ಹೊಸ ಸಮಿತಿ ಬೇಕೇ, ಐಟಿಯವರಿಗೆ ವಹಿಸಿದರೆ ಸಾಕೇ?

ಉತ್ತರ 1: ಸಮಿತಿ ಆಮೇಲೆ. ಮೊದಲು ಪಟ್ಟಿ ಮಾಡಿ: ಯಾವ ಯಂತ್ರ, ಯಾವ ನಿರ್ಧಾರ, ಯಾವ ವರ್ಷನ್, ತಪ್ಪಿದರೆ ಏನಾಗುತ್ತದೆ, ನಿಲ್ಲಿಸುವ ಅಧಿಕಾರ ಯಾರಿಗೆ. ಹೊಣೆ ಐಟಿಯದ್ದಲ್ಲ, ಆ ಲೈನಿನ ಉತ್ಪಾದನೆ ಅಥವಾ ಗುಣಮಟ್ಟ ವಿಭಾಗದ ಮುಖ್ಯಸ್ಥರದ್ದು. ಯಂತ್ರದಲ್ಲಿ ಏನಾದರೂ ಬದಲಿಸಲು ಅನುಮೋದನೆ ಫಾರಂ ಇದ್ದೇ ಇರುತ್ತದಲ್ಲ, ಮಾಡೆಲ್ ಅಪ್‌ಡೇಟ್ ಕೂಡ ಅದರಲ್ಲೇ ಬರಲಿ. ವೆಂಡರ್ ರಾತ್ರಿ ದೂರದಿಂದಲೇ ವರ್ಷನ್ ಬದಲಿಸಿ, ಬೆಳಗಿನ ಪಾಳಿಯವರಿಗೆ ಸುದ್ದಿಯೇ ಇಲ್ಲ ಎಂದಾಗಬಾರದು. ಇದನ್ನು ಒಪ್ಪಂದದಲ್ಲೇ ಬರೆಸಿ, ಹಳೆಯ ವರ್ಷನ್‌ಗೆ ಮರಳುವ ದಾರಿಯನ್ನೂ ಸೇರಿಸಿ. ಚೌಕಟ್ಟು ಬೇಕಿದ್ದರೆ 2023ರ ಡಿಸೆಂಬರ್‌ನಲ್ಲಿ ಬಂದ ಐಎಸ್‌ಒ/ಐಇಸಿ 42001 ನೋಡಿ, ಸಂಸ್ಥೆಗಳು ಎಐಯನ್ನು ನಿರ್ವಹಿಸುವ ಬಗೆಗಿನ ಅಂತರರಾಷ್ಟ್ರೀಯ ಮಾನದಂಡ ಅದು.

ಉತ್ತರ 2: ಕ್ಯಾಮೆರಾ ವಿಷಯದಲ್ಲಿ 'ಶೇಕಡಾ ಇಷ್ಟು ನಿಖರ' ಎಂಬ ಮಾತಿಗೆ ಒಪ್ಪಲೇಬೇಡಿ. 1000 ಭಾಗಗಳಲ್ಲಿ 5 ದೋಷದವು ಎಂದುಕೊಳ್ಳಿ. ಎಲ್ಲವನ್ನೂ ಕಣ್ಣುಮುಚ್ಚಿ ಪಾಸ್ ಮಾಡಿದರೂ ನಿಖರತೆ ಶೇ. 99.5! ಆ ಐದರಲ್ಲಿ ಎಷ್ಟು ತಪ್ಪಿಸಿಕೊಂಡವು, ಒಳ್ಳೆಯವು ಎಷ್ಟು ರಿಜೆಕ್ಟ್ ಆದವು ಎಂದು ಬೇರೆ ಬೇರೆಯಾಗಿ ಕೇಳಿ. ದೋಷ ಗೊತ್ತಿರುವ ಮಾಸ್ಟರ್ ಪೀಸ್‌ಗಳನ್ನು ಪ್ರತಿ ಪಾಳಿಯ ಆರಂಭದಲ್ಲಿ ಹಾಯಿಸಿ. ಒಂದನ್ನು ಬಿಟ್ಟರೂ ಲೈನ್ ಕೈತಪಾಸಣೆಗೆ ಮರಳಲಿ. ಲೆನ್ಸಿನ ಮೇಲೆ ಎಣ್ಣೆಯ ಪದರ ಕೂರುತ್ತದೆ, ದೀಪ ಮಂಕಾಗುತ್ತದೆ, ಹೊಸ ಲಾಟಿನ ಲೋಹದ ಹೊಳಪೇ ಬೇರೆ ಇರುತ್ತದೆ. ಮಾಡೆಲ್‌ನಲ್ಲಿ ಒಂದಕ್ಷರ ಬದಲಾಗದಿದ್ದರೂ ಫಲಿತಾಂಶ ಕೆಡುವುದು ಹೀಗೆ.

ಉತ್ತರ 3: ಪಂಪಿನದ್ದೂ ಅದೇ ಕಥೆ. ಬೇರಿಂಗ್ ಬದಲಿಸಿದ ಕೂಡಲೇ ಕಂಪನದ ಮೂಲಮಟ್ಟ ಬದಲಾಗುತ್ತದೆ. ಮೇಂಟೆನೆನ್ಸ್‌ನವರು ವರ್ಕ್ ಆರ್ಡರ್ ಮುಚ್ಚುವಾಗಲೇ ಮೂಲಮಟ್ಟ ಹೊಸದಾಗಿ ಅಳೆಯಬೇಕು. ಇಲ್ಲದಿದ್ದರೆ ಸುಳ್ಳು ಅಲಾರಂ ಬಂದು ಬಂದು, ಜನ ಕೊನೆಗೆ ನಿಜವಾದದ್ದನ್ನೂ ನಿರ್ಲಕ್ಷಿಸುತ್ತಾರೆ. ಮುಂದೆ ಎಐ ನೇರವಾಗಿ ವೇಗ, ಒತ್ತಡ ಬದಲಿಸುವಂತಾದರೆ ಅದರ ಮಿತಿ ಪಿಎಲ್‌ಸಿಯಲ್ಲೇ (ಯಂತ್ರವನ್ನು ನಿಯಂತ್ರಿಸುವ ಕಂಪ್ಯೂಟರ್) ಕಟ್ಟಿರಲಿ. ಅಪಾಯವಿದ್ದಾಗ ಯಂತ್ರವನ್ನು ತಡೆಯುವ ಸುರಕ್ಷತಾ ಇಂಟರ್‌ಲಾಕ್ ಎಐ ಕೈಗೆ ಎಟುಕಲೇಕೂಡದು.

ಪ್ರಶ್ನೆ ಕೇಳಿದವರು: ಆಪರೇಟರ್ ಎಐ ಹೇಳಿದ್ದನ್ನು ತಳ್ಳಿಹಾಕಿದರೆ?

ಉತ್ತರ 1: ತಳ್ಳಿಹಾಕಲು ಒಂದೇ ಗುಂಡಿ, ನಾಲ್ಕೈದು ಸಿದ್ಧ ಕಾರಣಗಳು, ಅಷ್ಟು ಸಾಕು. ಉದ್ದದ ಫಾರಂ ಕೊಟ್ಟರೆ ಯಾರೂ ತುಂಬುವುದಿಲ್ಲ. ವಾರಕ್ಕೊಮ್ಮೆ ಆ ದಾಖಲೆಯನ್ನು ಲೈನ್ ಮುಖ್ಯಸ್ಥರು ಓದಲಿ. ಆದರೆ ಅದನ್ನು ಆಪರೇಟರ್‌ಗಳ ಕೆಲಸ ಅಳೆಯಲು ಬಳಸಲೇಬೇಡಿ. ಬಳಸಿದಿರೋ, ಮರುದಿನದಿಂದಲೇ ಆ ಗುಂಡಿ ಒತ್ತುವವರಿರುವುದಿಲ್ಲ.