ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆದು ಬದುಕಬಹುದಾ? ಬರೆದವರು ಹೇಳಿ

ನಾನು ಚಿತ್ರದುರ್ಗದವಳು, ಕನ್ನಡ ಎಂ.ಎ. ಮುಗಿಸಿದ್ದೇನೆ. ಪತ್ರಿಕೆಗಳಿಗೆ ಪುಸ್ತಕ ವಿಮರ್ಶೆ ಬರೆಯುವುದನ್ನೇ ಕೆಲಸ ಮಾಡಿಕೊಳ್ಳುವ ಆಸೆ. ಇದರಲ್ಲಿ ಹೊಟ್ಟೆಪಾಡು ನಡೆಯುತ್ತಾ? ಶುರು ಮಾಡುವುದು ಹೇಗೆ? ಗುರುತಿನವರ ಪುಸ್ತಕ ಬಂದರೆ ಏನು ಮಾಡ್ತೀರಿ?

ದಾವಣಗೆರೆಯ ನಿವೃತ್ತ ಕನ್ನಡ ಮೇಷ್ಟ್ರು:

ನೋಡಮ್ಮ, ಮೊದಲು ಹೊಟ್ಟೆಪಾಡಿನ ಮಾತು ಮುಗಿಸಿಬಿಡೋಣ. ನಡೆಯಲ್ಲ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಬರೆದೆ, ಮನೆ ನಡೆದಿದ್ದು ಕಾಲೇಜಿನ ಸಂಬಳದಲ್ಲಿ. ನಾನು ಕಂಡ ವಿಮರ್ಶಕರೆಲ್ಲ ಮೇಷ್ಟ್ರುಗಳು, ಬ್ಯಾಂಕಿನವರು, ಇಲ್ಲವೇ ಪತ್ರಿಕೆಯಲ್ಲೇ ಕೆಲಸದಲ್ಲಿದ್ದವರು. ಕೆಲವು ಕಡೆ ಸಣ್ಣ ಸಂಭಾವನೆ ಕೊಡುತ್ತಾರೆ. ಕೆಲವು ಕಡೆ ಪುಸ್ತಕ ನಿನಗೆ ಉಳಿಯುತ್ತೆ, ಅಷ್ಟೇ. ಹಾಗಾಗಿ ಮೊದಲು ಒಂದು ಕೆಲಸ ಹಿಡಿ, ಆದರೆ ಬರೆಯುವುದು ಬಿಡಬೇಡ.

ಒಂದು ತಪ್ಪು ಹೇಳಿಕೊಳ್ಳಬೇಕು. 2003ರ ಸುಮಾರಿಗೆ ಒಂದು ಕಾದಂಬರಿ ಬಂತು. ಅದರಲ್ಲಿ ಹರಪನಹಳ್ಳಿ ಬಳ್ಳಾರಿ ಜಿಲ್ಲೆ ಅಂತ ಇತ್ತು. ಪೆನ್ಸಿಲಿನಲ್ಲಿ ಗೆರೆ ಎಳೆದು, ಲೇಖಕರಿಗೆ ಊರು ಯಾವ ಜಿಲ್ಲೆಯದು ಅಂತಲೂ ಗೊತ್ತಿಲ್ಲ ಎಂದು ಬರೆದುಬಿಟ್ಟೆ. ಅಚ್ಚೂ ಆಯಿತು. ಆದರೆ ಕತೆ ನಡೆಯುವುದು ಎಂಬತ್ತರ ದಶಕದಲ್ಲಿ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ, ಹರಪನಹಳ್ಳಿ ಬಂದು ಸೇರಿದ್ದೂ ಆಗಲೇ, ಅದಕ್ಕೂ ಮೊದಲು ಅದು ಬಳ್ಳಾರಿಯೇ. (ಈಗ ಅದು ವಿಜಯನಗರ ಜಿಲ್ಲೆಯಲ್ಲಿದೆ, ಆ ಮಾತು ಬೇರೆ.) ಕತೆಯ ಇಸವಿ ನಲವತ್ತನೇ ಪುಟದಲ್ಲಿ ಚೆನ್ನಾಗಿ ಕಾಣುವ ಹಾಗೇ ಇತ್ತು. ನಾನು ಆ ಅಧ್ಯಾಯ ಹಾರಿಸಿದ್ದೆ. ಲೇಖಕರು ಒಂದು ಇನ್‌ಲ್ಯಾಂಡ್ ಲೆಟರ್ ಹಾಕಿದರು. ಬೈದಿರಲಿಲ್ಲ, ಬರೀ ಪುಟದ ನಂಬರ್ ಬರೆದಿದ್ದರು. ಸಂಪಾದಕರನ್ನು ಕೇಳಿಕೊಂಡ ಮೇಲೆ ಎರಡು ಸಾಲಿನ ತಿದ್ದುಪಡಿ ಒಂದು ಮೂಲೆಯಲ್ಲಿ ಬಂತು. ವಿಮರ್ಶೆ ಓದಿ ಪುಸ್ತಕ ಬೇಡ ಅಂದುಕೊಂಡವರು ಅದನ್ನು ನೋಡಿರುತ್ತಾರಾ? ಅವತ್ತಿನಿಂದ ಪೂರ್ತಿ ಓದದೆ ಒಂದು ಸಾಲೂ ಬರೆದಿಲ್ಲ. ನೀನೂ ಹಾಗೇ ಮಾಡು. ಮುನ್ನುಡಿ, ಬೆನ್ನುಡಿ ಕೊನೆಗೆ ಓದು. ಮೊದಲೇ ಓದಿದರೆ ಅವರ ಮಾತೇ ನಿನ್ನ ಕೈಯಲ್ಲಿ ಬರುತ್ತೆ.

ಪತ್ರಿಕೆಯೊಂದರ ಪುರವಣಿ ನೋಡಿಕೊಳ್ಳುತ್ತಿದ್ದವರು:

ಮೇಷ್ಟ್ರು ಹೇಳಿದ್ದು ಸರಿ. ಶುರು ಮಾಡುವುದರ ಬಗ್ಗೆ ನಾನು ಹೇಳ್ತೀನಿ. ಪ್ರಕಾಶಕರು ಎರಡು ಪ್ರತಿ ಕಳಿಸುತ್ತಾರೆ, ಒಂದು ಬರೆಯುವವರಿಗೆ, ಒಂದು ಆಫೀಸಿಗೆ. ಬಂದ ಪುಸ್ತಕಗಳಲ್ಲಿ ಜಾಸ್ತಿ ಭಾಗ, ವಿಮರ್ಶೆಯಿಲ್ಲದೆ ಹೆಸರಷ್ಟೇ ಹಾಕುವ 'ಸಾದರ ಸ್ವೀಕಾರ'ದ ಪಟ್ಟಿಗೇ ಹೋಗಿ ನಿಲ್ಲುತ್ತವೆ, ಜಾಗ ಅಷ್ಟೇ ಇರುವುದು. ಸುಮ್ನೆ ಫೋನ್ ಮಾಡಿ ಅವಕಾಶ ಕೇಳಬೇಡಿ. ಈಚೆಗೆ ಬಂದ ಪುಸ್ತಕ ಓದಿ, ಮುನ್ನೂರು ಪದದಲ್ಲಿ ಬರೆದು ಕಳಿಸಿ. ಜನತಾವಾಣಿಯಂಥ ನಮ್ಮ ಭಾಗದ ದಿನಪತ್ರಿಕೆಗೂ ಕಳಿಸಿ, ಬೆಂಗಳೂರೇ ಆಗಬೇಕಂತಿಲ್ಲ. ಪುಟ, ಬೆಲೆ, ಪ್ರಕಾಶಕರ ಊರು ತಪ್ಪಿಲ್ಲದೆ ಹಾಕಿ. ಹೊಸದುರ್ಗದಲ್ಲಿ ಕೂತು ಓದುವವರಿಗೆ ಪುಸ್ತಕ ತರಿಸಿಕೊಳ್ಳಲು ಅದೇ ದಾರಿ.

ಚಿತ್ರದುರ್ಗದ ಬ್ಯಾಂಕ್ ಉದ್ಯೋಗಿ:

ಗುರುತಿನವರ ವಿಷಯ ನನಗೆ ಬಿಡಿ. ತರಾಸು ರಂಗಮಂದಿರದಲ್ಲಿ ಪುಸ್ತಕ ಬಿಡುಗಡೆ ಮುಗಿಯುತ್ತಿದ್ದ ಹಾಗೇ ಕೈಗೆ ಒಂದು ಪ್ರತಿ ಇಟ್ಟು 'ನಾಲ್ಕು ಸಾಲು ಬರೀರಿ ಮೇಡಂ' ಅಂತಾರೆ. ಪತ್ರಿಕೆಗೇ ಕಳಿಸಿ ಅಂತೀನಿ. ಅಲ್ಲಿಂದ ನನಗೇ ಬಂದರೆ, ಇವರು ನನಗೆ ಬೇಕಾದವರು ಅಂತ ಸಂಪಾದಕರಿಗೆ ಮೊದಲೇ ತಿಳಿಸ್ತೀನಿ.

ಹಾಗೆ ತಿಳಿಸದೆ ಒಮ್ಮೆ ಗೆಳತಿಯ ಕವನ ಸಂಕಲನದ ಬಗ್ಗೆ ಬರೆದೆ. ಪಕ್ಷಪಾತ ಅನ್ನಿಸಬಾರದು ಅಂತ ಬೇಕೆಂದೇ ಖಾರವಾಗಿ ಬರೆದೆ. ಇವತ್ತಿಗೂ ಸಂತೆಹೊಂಡದ ಹತ್ತಿರ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಾಳೆ. ಮೊನ್ನೆ ಆ ಕಟಿಂಗ್ ತೆಗೆದು ಮತ್ತೆ ಓದಿದೆ. ಅರ್ಧ ಕವಿತೆಗಳು ಎಳೆದ ಹಾಗಿವೆ ಅಂದಿದ್ದೆ, ಈಗಲೂ ಹಾಗೇ ಅನ್ನಿಸುತ್ತೆ. ಆದರೆ 'ಇವನ್ನು ಕವಿತೆ ಅನ್ನುವುದು ಕಷ್ಟ' ಅಂತ ಒಂದು ಸಾಲಿದೆಯಲ್ಲ, ಅದು ಬೇಕಿರಲಿಲ್ಲ. ಅವಳಮ್ಮನ ಮೇಲೆ ಬರೆದ ಮೂರು ಒಳ್ಳೆಯ ಕವಿತೆಗಳು ಆ ಸಂಕಲನದಲ್ಲಿದ್ದವು. ಅವುಗಳಿಂದ ಒಂದು ಸಾಲನ್ನೂ ನಾನು ಎತ್ತಿ ಕೊಟ್ಟಿರಲಿಲ್ಲ.